ವೈನಿ ಹಚ್ಚಿಕೊಂಡ ಔಷಧ

ಮೊನ್ನೆ ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ನನಗೆ ಕೆಮ್ಮು ಬಂತು. ಮಹಾ ಕೆಮ್ಮೇನಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗಿ ಖೊಕ್ ಖೊಕ್ ಎಂದೆ, ಅಷ್ಟೇ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಆಡುಸೋಗಿ ಎಲಿ ರಸಕ್ಕ ಜೇನುತುಪ್ಪ ಹಾಕ್ಕೊಂಡು ಕುಡೀರಿ" ಅಂದಳು. ಅವಳ ಪಕ್ಕದಲ್ಲಿ ಕೂತಿದ್ದ ಗಂಡನಿಗೆ ಅದು ಸರಿಬರಲಿಲ್ಲ. "ಅದರಿಂದ ಏನಾಗತೈತಿ? ಹಿಪ್ಪಲಿ ಪುಡಿ ಮಾಡಿ ನೆಕ್ಕಲಿ" ಅಂದ. ಟಿಕೆಟ್ ಹರಿಯಲು ಬಂದ ಕಂಡಕ್ಟರು ಇಬ್ಬರನ್ನೂ ತಳ್ಳಿಹಾಕಿದರು. "ಅದೆಲ್ಲಾ ಬ್ಯಾಡ್ರಿ ಅಕ್ಕಾರ. ಮುಂಜಾನೆ ಎದ್ದ ಕೂಡಲೇ ತಂಬಿಗಿ ತುಂಬ ನೀರು ಕುಡೀರಿ. ಕೆಮ್ಮೇನು, ಕ್ಯಾನ್ಸರ್ ಸುದ್ದಾ ಓಡಿಹೋಗತೈತಿ."

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ತಲೆಯಾಡಿಸಿದರು. ನನ್ನ ಕೆಮ್ಮು ಅಲ್ಲಿಗೇ ನಿಂತುಹೋಯಿತು. ಗಿರಿಜಾ ವೈನಿ ನೆನಪಾದರು.

ವೈನಿ ಅಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಅವರ ಕಥೆಗೆ ಬರುವ ಮೊದಲು ನನ್ನದೂ ಒಂದಿಷ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೇನೋ ಬಹಳ ತಿಳಿದವಳು, ಬಸ್ಸಿನವರನ್ನೆಲ್ಲ ಗೇಲಿ ಮಾಡುತ್ತಿದ್ದೇನೆ ಅಂದುಕೊಂಡೀರಿ. ನಮ್ಮ ಭಾಗದಲ್ಲಿ ದಾರಿ ಕೇಳಿದರೆ "ಗೊತ್ತಿಲ್ರಿ" ಅನ್ನುವವರು ಸಿಕ್ಕಾರು, ಔಷಧ ಕೇಳಿದರೆ ಹಾಗೆ ಅನ್ನುವವರು ಸಿಗುವುದಿಲ್ಲ. ನಾನೂ ಅದೇ ಪೈಕಿ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾಗ ಹಲ್ಲುನೋವೆಂದು ಮುಖ ಹಿಂಡಿಕೊಂಡಿದ್ದ ಮ್ಯಾನೇಜರಿಗೆ ಲವಂಗದೆಣ್ಣೆ ಹಚ್ಚಿಸಿದ್ದೆ. ಹಲ್ಲಿಗೆ ಏನಾಯಿತೋ ಗೊತ್ತಿಲ್ಲ, ತುಟಿ ಮಾತ್ರ ಸುಟ್ಟು ಗುಳ್ಳೆಯೆದ್ದಿತು. ಆಮೇಲೆ ಎಷ್ಟೋ ದಿನ ಅವರು ನನ್ನನ್ನು ಕಂಡರೆ ಬಾಯಿಗೆ ಕರವಸ್ತ್ರ ಹಿಡಿದುಕೊಳ್ಳುತ್ತಿದ್ದರು.

ಈ ಚಟ ಅಂಟಿದ್ದು ಚಿಕ್ಕಂದಿನಲ್ಲೇ. ಹಲಗೇರಿಯಲ್ಲಿದ್ದಾಗ ನನಗೆ ಕಾಮಣಿ ಆಗಿತ್ತು. ಕಣ್ಣು, ಉಗುರು, ಅಂಗಿಯ ಬೆವರು ಎಲ್ಲ ಅರಿಷಿಣದ ಹಾಗೆ. ನಮ್ಮ ಓಣಿಯ ಮುದುಕಿಯೊಬ್ಬಳು ಬೆಳಗಾಗುತ್ತಲೇ ಬಂದು, ಯಾವುದೋ ಸೊಪ್ಪನ್ನು ಅರೆದು ಆಡಿನ ಹಾಲಿನಲ್ಲಿ ಕಲಸಿ ಬಾಯಿಗೆ ಹಾಕುತ್ತಿದ್ದಳು. ಸೊಪ್ಪಿನ ಹೆಸರು ಹೇಳಿದರೆ ಗುಣ ಹೋಗುತ್ತದೆಂದು ಹೇಳುತ್ತಿರಲಿಲ್ಲ. ಎಣ್ಣೆಯಿಲ್ಲ, ಉಪ್ಪಿಲ್ಲ, ಬರೇ ಅನ್ನ ಮಜ್ಜಿಗೆ. ನಾನು ಅಳುತ್ತಿದ್ದೆ, ಅವ್ವ ನನ್ನ ಮೂಗು ಹಿಡಿಯುತ್ತಿದ್ದಳು, ಮುದುಕಿ ಸುರುವುತ್ತಿದ್ದಳು. ಕಡೆಗೆ ಒಂದು ದಿನ ಕಣ್ಣು ಬೆಳ್ಳಗಾಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ಗಾಂವಟಿ ಔಷಧದ ಮೇಲೆ ಯಾರಾದರೂ ಅನುಮಾನ ತೋರಿಸಿದರೆ ಅಣ್ಣ ನನ್ನ ರಟ್ಟೆ ಹಿಡಿದು ಮುಂದೆ ನಿಲ್ಲಿಸುತ್ತಿದ್ದ. "ಇಕೀನ್ನ ನೋಡ್ರಿ. ಹಳದಿ ಹಿಡದು ಸಾಯಾಕ ಬಿದ್ದಿದ್ಲು." ನಾನು ಕಣ್ಣು ಅಗಲಿಸಿ ಬಿಳಿ ಗುಡ್ಡೆ ತೋರಿಸಬೇಕು.

ಇಂಥ ಮನೆಯ ಹುಡುಗಿಯನ್ನು ಕೊಟ್ಟದ್ದು ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿ ಇಟ್ಟುಕೊಂಡವರಿಗೆ. ನಮ್ಮ ಮನೆಯವರ, ಅಂದರೆ ನನ್ನ ಗಂಡನ ಲೆಕ್ಕದಲ್ಲಿ ಡಾಕ್ಟರು ಚೀಟಿ ಬರೆಯದೆ ಕೊಡುವುದೆಲ್ಲ ಔಷಧವೇ ಅಲ್ಲ. ಅಣ್ಣ ಅಷ್ಟೊತ್ತಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಹಾಕಿದ್ದ. ಅವನಿಗೆ ಗುಳಿಗೆ ಅಂದರೆ ವಿಷ. ಭಾನುವಾರ ನಾವು ಬ್ಯಾಡಗಿಗೆ ಹೋದೆವೆಂದರೆ ಇಬ್ಬರ ವಾದ ಶುರು. ಟಿವಿಯಲ್ಲಿ ಬೆಳಗ್ಗೆ ಮೂಗು ಮುಚ್ಚಿ ಉಸಿರು ಬಿಡಿಸಿ ಎಲ್ಲ ರೋಗ ಓಡಿಸುವವರು ಆಗತಾನೆ ಬಂದಿದ್ದ ಕಾಲ ಅದು. ಅಣ್ಣನಿಗೆ ಹೊಸ ಬಲ ಬಂದಿತ್ತು. ದಿನವೂ ಸೋರೆಕಾಯಿ ರಸ ಕುಡಿದು ಹುಳಿ ತೇಗುತ್ತ ಕೂರುತ್ತಿದ್ದ.

"ನಿಮ್ಮ ತಂಗಿ ಕಾಮಣಿ ತಾನ ಹೋಗೇತ್ರಿ. ಅದು ತಾನ ಹೋಗೂ ಬ್ಯಾನಿ. ಆ ಸೊಪ್ಪಿನ ಬದಲಿ ಹುಣಸೀಹಣ್ಣಿನ ಸಾರು ಕುಡಿದಿದ್ರೂ ಹೋಗತಿತ್ತು" ಅನ್ನುತ್ತಿದ್ದರು ನಮ್ಮ ಮನೆಯವರು.

"ನಿಮ್ಮ ಗುಳಿಗಿ ತಿಂದವರ ನೆಗಡಿ ತಾನ ಹೋಗೂದಿಲ್ಲೇನು ಮತ್ತ? ಅದಕ್ಯಾಕ ರೊಕ್ಕ ತಗೋತೀರಿ?" ಅನ್ನುತ್ತಿದ್ದ ಅಣ್ಣ.

ಬೀದಿಯಿಂದ ಮೆಣಸಿನ ಘಾಟು ತೇಲಿ ಬಂದು ಇಬ್ಬರೂ ಸೀನುತ್ತಿದ್ದರು, ಸೀನು ಮುಗಿದ ಮೇಲೆ ಮತ್ತೆ ವಾದ. ಗಿರಿಜಾ ವೈನಿ ರೊಟ್ಟಿ ಬಡಿಸಿ, ಚಹಾ ತಂದುಕೊಟ್ಟು ಬಾಗಿಲಿಗೆ ಆತು ನಿಂತು ಕೇಳುತ್ತಿದ್ದರು. ಎತ್ತರದ ಹೆಂಗಸು, ಮಾತು ಕಮ್ಮಿ. ಅಂಗಡಿಯ ಹಿಂದಿನ ಅಂಗಳದಲ್ಲಿ ಕಾಯಿ ತೊಟ್ಟು ಮುರಿಯುವ ಹೆಂಗಸರ ನಡುವೆ ತಾವೂ ಕೂತು ಕೆಲಸ ಮಾಡುವವರು. ಕೈ ಯಾವಾಗಲೂ ಉರಿ. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳುವ ಮುಂಚೆ ಎಣ್ಣೆ ಹಚ್ಚಿ ತಿಕ್ಕಿ ತೊಳೆದುಕೊಳ್ಳುತ್ತಿದ್ದರು.

ಒಮ್ಮೆ ಮಾತ್ರ ಅವರು ಆ ವಾದದ ನಡುವೆ ಬಾಯಿ ಹಾಕಿ ನಮ್ಮ ಮನೆಯವರನ್ನು ಕೇಳಿದರು. "ಅಣ್ಣಾರ, ಹೆಣ್ಣಮಕ್ಕಳ ಎದ್ಯಾಗ ಗಂಟು ಆದ್ರ ನಿಮ್ಮ ಕಡೆ ಏನು ಮಾಡ್ತಾರ್ರಿ?"

ನಮ್ಮ ಮನೆಯವರಿಗೆ ಯಾರಾದರೂ ಪ್ರಶ್ನೆ ಕೇಳಿದರೆ ಸಾಕು. ಸೂಜಿ ಹಾಕಿ ನೋಡುವುದರಿಂದ ಹಿಡಿದು ಕೊಯ್ದು ತೆಗೆಯುವವರೆಗೆ, ಆಮೇಲೆ ಕೂದಲು ಉದುರುವವರೆಗೆ ವಿಸ್ತಾರವಾಗಿ ಹೇಳಿದರು. "ಯಾರಿಗಾಗೇತ್ರಿ ಅಕ್ಕಾರ?" ಎಂದು ಕಡೆಗೆ ಕೇಳಿದರು.

"ಕಾಯಿ ಮುರಿಯಾಕ ಬರೂ ಹೆಣ್ಣಮಗಳಿಗೆ" ಅಂದು ವೈನಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಆ ವರ್ಷ ಅವರ ಮಗಳು ಸವಿತಾಳಿಗೆ ಗಂಡು ನೋಡುತ್ತಿದ್ದರು. ಹಿರೇಕೆರೂರಿನ ಕಡೆಯ ಒಂದು ಸಂಬಂಧ ಎಲ್ಲ ಮಾತೂ ಮುಗಿದು, ಸೀರೆ ತರಲು ಹೊರಡುವ ಹೊತ್ತಿಗೆ ಮುರಿದುಬಿದ್ದಿತ್ತು. ವೈನಿಯ ತಾಯಿ ಎದೆಯ ಗಂಟಿನಿಂದ ಸತ್ತದ್ದು ಯಾರಿಂದಲೋ ಹುಡುಗನ ಕಡೆಯವರಿಗೆ ತಿಳಿದಿತ್ತು. "ಅಜ್ಜಿಗಿತ್ತಂದ್ರ ಮೊಮ್ಮಗಳಿಗೂ ಬರತೈತಂತ" ಎಂದು ಹೇಳಿಕಳಿಸಿದ್ದರು. ಅವತ್ತು ಸವಿತಾ ಅಡುಗೆಮನೆಯಲ್ಲಿ ಕೂತು ಮುಖ ತೋರಿಸದೆ ಅತ್ತಳು. ವೈನಿ ಅಳಲಿಲ್ಲ. ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದರು.

ಆಮೇಲೆ ಹಾವೇರಿಯ ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುವವನು, ತಂದೆಯಿಲ್ಲ, ತಾಯಿ ಶಾಂತಕ್ಕ ಒಬ್ಬರೇ. ಈ ಶಾಂತಕ್ಕ ಈಗಲೂ ನಮಗೆ ಬಹಳ ಹತ್ತಿರ. ಮೊನ್ನೆ ಬಸ್ಸಿನಲ್ಲಿ ನಾನು ಹೊರಟಿದ್ದೂ ಅವರ ಮನೆಗೇ. ಆದರೆ ಆವತ್ತು ಹೆಣ್ಣು ನೋಡಲು ಬಂದವರು ಗತ್ತಿನಿಂದ ಕೂತಿದ್ದರು. ಉಪ್ಪಿಟ್ಟು ತಿಂದು ಕೈತೊಳೆದ ಮೇಲೆ, "ತಪ್ಪು ತಿಳೀಬ್ಯಾಡ್ರಿ, ನಿಮ್ಮ ಮನಿತನದಾಗ ಯಾರಿಗರ ದೊಡ್ಡ ಬ್ಯಾನಿ ಏನರ ಐತೇನ್ರಿ?" ಎಂದು ಕೇಳಿದರು.

"ಇಲ್ರಿ" ಅಂದರು ವೈನಿ. ಅಣ್ಣ ಬಾಯಿ ತೆರೆಯುವ ಮೊದಲೇ ಅಂದುಬಿಟ್ಟರು.

ಆ ಹೊತ್ತಿಗೆ ವೈನಿ ಗುತ್ತಲದ ಆಚೆಯ ಒಂದು ಹಳ್ಳಿಗೆ ಔಷಧಕ್ಕೆ ಹೋಗಲು ಶುರುಮಾಡಿದ್ದರು. ರಟ್ಟೆ ಹಿಡಿದುಕೊಂಡಿದೆ, ಕಾಯಿ ಮುರಿದು ಮುರಿದು ನರ ಬಿಗಿದಿದೆ ಎಂದು ಹೇಳಿದ್ದರು. ಆ ಹಳ್ಳಿಯ ವೈದ್ಯರ ಬಳಿ ಕೀಲುನೋವಿಗೆ, ಲಕ್ವಕ್ಕೆ, ಮಕ್ಕಳಾಗದ್ದಕ್ಕೆ ಎಲ್ಲ ಕಡೆಯಿಂದ ಜನ ಬರುತ್ತಿದ್ದರು. ಅಣ್ಣನಿಗೆ ಹಿಗ್ಗು. ತಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಹೆಂಗಸರನ್ನು ವೈದ್ಯರು ಒಳಗೆ ತಮ್ಮ ಹೆಂಡತಿಯ ಎದುರಿಗೆ ನೋಡುತ್ತಿದ್ದರು. ಅಣ್ಣ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ನನ್ನ ಕಾಮಣಿಯ ಕಥೆ ಹೇಳುತ್ತಿದ್ದನಂತೆ. ವೈನಿ ಎಲೆಯಲ್ಲಿ ಕಟ್ಟಿದ ಹಸಿರು ಲೇಪ ತರುತ್ತಿದ್ದರು. ಅವರು ಹತ್ತಿರ ಬಂದರೆ ಹಸಿ ಸೊಪ್ಪು ಕೊಳೆತಂಥ ವಾಸನೆ.

"ಹೆಂಗೈತಿ ವೈನಿ ರಟ್ಟಿ?" ಎಂದು ಕೇಳಿದರೆ "ಬೇಶ್ ಐತಿ, ಸುಮಾ" ಅನ್ನುತ್ತಿದ್ದರು. ಅಣ್ಣ ನಮ್ಮ ಮನೆಯವರ ಕಡೆ ನೋಡಿ ಮೀಸೆಯಲ್ಲಿ ನಗುತ್ತಿದ್ದ. ರಾತ್ರಿ ವೈನಿ ಮಗಳ ಪಕ್ಕ ಮಲಗುತ್ತಿದ್ದರು. ಇನ್ನೇನು ಕೊಟ್ಟ ಮನೆಗೆ ಹೋಗುವ ಹುಡುಗಿ, ಇರುವಷ್ಟು ದಿನ ಜೊತೆಯಲ್ಲಿರಲಿ ಎಂದು ಎಲ್ಲರೂ ತಿಳಿದುಕೊಂಡಿದ್ದೆವು.

ಮದುವೆಯ ಹಿಂದಿನ ದಿನ ಬಳೆಗಾರ್ತಿ ಬಂದಳು. ಮನೆತುಂಬ ಹೆಂಗಸರು, ನಗು, ಗದ್ದಲ. ಸವಿತಾಳಿಗೆ ಹಸಿರು ಬಳೆ ಇಟ್ಟಾಯಿತು, ನಮಗೆಲ್ಲ ಇಟ್ಟಾಯಿತು, ಕೊನೆಗೆ ವೈನಿ ಕೂತರು. ಬಲಗೈಗೆ ಸರಾಗ ಏರಿದವು. ಎಡಗೈಗೆ ಬಳೆ ಅಂಗೈ ದಾಟಲೇ ಇಲ್ಲ. ಬಳೆಗಾರ್ತಿ ಸಾಬೂನು ಹಚ್ಚಿದಳು, ಬೆರಳು ಕೂಡಿಸಿ ಒತ್ತಿದಳು. ಒಂದು ಒಡೆಯಿತು, ಇನ್ನೊಂದು ಒಡೆಯಿತು. ದೊಡ್ಡ ಅಳತೆಯವನ್ನು ಹುಡುಕಿ ತೆಗೆದಳು, ಅವೂ ಒಡೆದವು.

"ಏನ್ರೀ ಅಕ್ಕಾರ, ಈ ಕೈ ಆ ಕೈಯಿನ ಜೋಡೀನ ಅಲ್ಲ" ಅಂದಳು ಬಳೆಗಾರ್ತಿ ಬೆವರು ಒರೆಸಿಕೊಳ್ಳುತ್ತ.

ಹೆಂಗಸರು ನಕ್ಕರು. ನಾನು ಆ ಕೈಯನ್ನು ಆಗ ಸರಿಯಾಗಿ ನೋಡಿದೆ. ಬೆರಳಿನಿಂದ ಮೊಳಕೈ ದಾಟುವವರೆಗೆ ಊದಿಕೊಂಡು ಮಿರಮಿರ ಮಿಂಚುತ್ತಿತ್ತು. "ರಟ್ಟಿ ಬಾವು ಕೈಗೆ ಇಳದೈತ್ರಿ, ಅಷ್ಟ" ಎಂದು ವೈನಿ ಸೆರಗು ಎಳೆದುಕೊಂಡರು. "ಬಿಡವ್ವ, ಒಂದ ಕೈಗೆ ಸಾಕು. ಮದುವಣಗಿತ್ತಿ ನಾನೇನು?"

ಮರುದಿನ ಅಕ್ಷತೆ ಬಿದ್ದು ಊಟಕ್ಕೆ ಕೂತಾಗ ನಮ್ಮ ಮನೆಯವರು ಬಡಿಸಲು ಬಂದ ವೈನಿಯ ಕೈ ನೋಡಿದರು. ಹೋಳಿಗೆ ಮುರಿದದ್ದು ಹಾಗೇ ಎಲೆಯಲ್ಲಿ ಉಳಿಯಿತು. ಕೈತೊಳೆದು ಬಂದು ನನ್ನನ್ನು ಪಕ್ಕಕ್ಕೆ ಕರೆದರು.

"ವೈನ್ಯಾರ ಕೈ ಯಾವಾಗಿಂದ ಹಂಗೈತಿ?"

"ರಟ್ಟಿ ನೋವಂತ. ಯಾಕ್ರಿ?"

ವಾದಕ್ಕೆ ಕೂತಾಗ ಅಷ್ಟು ಮಾತಾಡುವ ಮನುಷ್ಯ, "ಹುಡುಗಿ ಕಳಿಸಿದ ಮ್ಯಾಲೆ ಹುಬ್ಬಳ್ಳಿಗೆ ಹೋಗೂಣು. ನಾಳೇನ" ಎಂದಷ್ಟೇ ಅಂದರು.

ವೈನಿ ಒಲ್ಲೆ ಅಂದಾರು ಎಂದು ನಾನು ಅಂಜಿದ್ದೆ. ಅನ್ನಲಿಲ್ಲ. ಸವಿತಾ ಹೋದ ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿ, ಒಳಗೆ ಬಂದು ಚಾಪೆಯ ಮೇಲೆ ಕೂತು, "ಎಲ್ಲಿಗೆ ಬಾ ಅಂತೀರಿ ಅಲ್ಲಿಗೆ ಬರ್ತೇನಿ ಈಗ" ಅಂದರು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಲೇಡಿ ಡಾಕ್ಟರು ಪರದೆ ಎಳೆದು ವೈನಿಯ ಕುಪ್ಪಸ ಬಿಡಿಸಿದಾಗ ನಾನು ಜೊತೆಗಿದ್ದೆ. ಹಸಿರು ಲೇಪ ಒಣಗಿ ಬಿರುಕುಬಿಟ್ಟು ಮೈಗೆ ಕಚ್ಚಿಕೊಂಡಿತ್ತು. ನರ್ಸು ಅದನ್ನು ನೀರು ಹಾಕಿ ನೆನೆಸಿ ಎಬ್ಬಿಸಿದರು. ಅದರ ಕೆಳಗೆ ಇದ್ದದ್ದನ್ನು ನಾನು ಬರೆಯಲಾರೆ. ಡಾಕ್ಟರು ಬೈಯಲು ಬಾಯಿ ತೆರೆದವರು ವೈನಿಯ ಮುಖ ನೋಡಿ ಸುಮ್ಮನಾದರು. ಪರೀಕ್ಷೆಗಳಾದ ಮೇಲೆ, ಅದು ಎದೆಯನ್ನು ದಾಟಿ ಎಲುಬಿಗೂ ಯಕೃತ್ತಿಗೂ ಹೋಗಿದೆ, ಇನ್ನು ನೋವು ಕಡಿಮೆ ಮಾಡಬಹುದು, ಒಂದಿಷ್ಟು ದಿನ ಮುಂದೂಡಬಹುದು, ಅಷ್ಟೇ ಎಂದು ಅಣ್ಣನಿಗೆ ಹೇಳಿದರು.

ಅಣ್ಣ ದವಾಖಾನೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಎದ್ದಾಗ ಅವನಿಗೆ ಒಂದೇ ಮಾತು. "ಆ ವೈದ್ಯನ್ನ ಬಿಡೂದಿಲ್ಲ."

ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅಣ್ಣ ಮತ್ತು ನಮ್ಮ ಮನೆಯವರು ಒಂದೇ ಮಾತಿನ ಮೇಲೆ ಒಂದೇ ಬಸ್ಸು ಹತ್ತಿದರು. ಹೊಡೆದಾಟ ಆದೀತೆಂದು ಹೆದರಿ ನಾನೂ ಹೋದೆ. ವೈದ್ಯರ ಅಂಗಳದಲ್ಲಿ ಜನ ತುಂಬಿದ್ದರು. ಅಣ್ಣ ಅವರನ್ನೆಲ್ಲ ದಾಟಿಕೊಂಡು ಹೋಗಿ ಬಾಗಿಲಲ್ಲಿ ನಿಂತು ಕೂಗಿದ. "ರಟ್ಟಿ ನೋವಂತ ಹೇಳಿ ನನ್ನ ಹೆಂಡ್ತೀನ್ನ ಕೊಂದೀಯಲ್ಲೋ!"

ವೈದ್ಯರು ವಯಸ್ಸಾದವರು, ತೋಳಿಲ್ಲದ ಬನಿಯನ್ ಹಾಕಿಕೊಂಡು ಏನೋ ಬೇರು ಕುಟ್ಟುತ್ತಿದ್ದರು. ಅಣ್ಣನನ್ನು ಗುರುತು ಹಿಡಿದರು. "ಒಳಗ ಬರ್ರಿ" ಅಂದರು. ಬಾಗಿಲು ಮುಚ್ಚಿಕೊಂಡು ನಿಧಾನ ಹೇಳಿದರು.

"ರಟ್ಟಿ ನೋವಂತ ನಾ ಹೇಳಿಲ್ರಿ. ಮೊದಲ ಸಲ ನನ್ನ ಹೆಂಡ್ತಿ ಮುಟ್ಟಿ ನೋಡಿ ನನಗ ಹೇಳಿದ್ಲು. ಎರಡನೇ ಸಲ ಬಂದಾಗ ನಾ ಖರೇ ಹೇಳಿದೆ. ತಂಗೆವ್ವ, ಇದು ನನ್ನ ಕೈಯಾಗಿನ ಬ್ಯಾನಿ ಅಲ್ಲ, ಹುಬ್ಬಳ್ಳಿಗೆ ಹೋಗು ಅಂದೆ. ಆಕಿ ಅಂದ್ಲು, ಮಗಳ ಲಗ್ನ ಆಗೋತನ ನೋವು ತಡಿಯೂವಂಗ ಏನಾರ ಹಚ್ಚಾಕ ಕೊಡ್ರಿ, ಅಷ್ಟ ಸಾಕು ಅಂತ."

"ನಮ್ಮಣ್ಣ ಹೊರಗ ಕಟ್ಟಿ ಮ್ಯಾಲೆ ಕುಂತಿದ್ದನಲ್ರಿ" ಎಂದೆ ನಾನು. "ಗಂಡಗ ಒಂದ ಮಾತು ಯಾಕ ಹೇಳಲಿಲ್ಲ?"

"ಹೇಳಬ್ಯಾಡ್ರಿ ಅಂತ ಕಾಲು ಹಿಡದ್ಲು."

"ಮತ್ತ ಆಮ್ಯಾಲೆ ಬಂದಾಗೆಲ್ಲ ಲೇಪ ಯಾಕ ಕೊಟ್ರಿ?"

ವೈದ್ಯರು ಕುಟ್ಟಾಣಿಯೊಳಗೆ ನೋಡುತ್ತ, "ಬರಿಗೈಲೆ ಹೆಂಗ ಕಳಸಲಿ" ಎಂದು ತಮಗೆ ತಾವೇ ಅಂದುಕೊಂಡರು. ಹೊರಗೆ ಬಂದರೆ ಅಂಗಳದ ಜನ ನಮ್ಮನ್ನು ಕೆಕ್ಕರಿಸಿ ನೋಡುತ್ತಿದ್ದರು, ಸರದಿ ತಪ್ಪಿಸಿ ಒಳಗೆ ಹೋದವರೆಂದು.

ವೈನಿ ಆಮೇಲೆ ಬೇಸಿಗೆ ದಾಟುವವರೆಗೆ ಇದ್ದರು. ನಾನು ರಜೆ ಹಾಕಿ ಬ್ಯಾಡಗಿಯಲ್ಲೇ ಉಳಿದೆ. ಒಂದು ಮಧ್ಯಾಹ್ನ, ನೋವಿನ ಗುಳಿಗೆ ಕೆಲಸ ಮಾಡಿ ಮುಖ ಸ್ವಲ್ಪ ಸಡಿಲಾಗಿದ್ದಾಗ ಕೇಳಿಯೇಬಿಟ್ಟೆ. "ವೈನಿ, ಆ ಲೇಪದಿಂದ ಆರಾಮ ಆಗತೈತಿ ಅಂತ ನೀವು ನಂಬಿದ್ರೇನು?"

ಅವರಿಗೆ ನಗು ಬಂತು. ಕೂದಲಿಲ್ಲದ ತಲೆಯ ಮೇಲೆ ಸೆರಗು ಸರಿಮಾಡಿಕೊಂಡರು.

"ನಮ್ಮವ್ವ ಸತ್ತದ್ದು ನಾ ನೋಡಿಲ್ಲೇನು? ಮುಟ್ಟಿದ ದಿನಾನ ನನಗ ಗೊತ್ತಿತ್ತು. ನಿಮ್ಮಣ್ಣ, ನಿನ್ನ ಗಂಡ, ಇಬ್ರೂ ಬಂದ ಬಂದ ಭಾನುವಾರ ಜಗಳಾಡ್ತಿದ್ರು, ಆ ಔಷಧ ನಾಟತೈತೋ, ಈ ಔಷಧ ನಾಟತೈತೋ ಅಂತ. ನಾ ನೋಡಿದ್ದು ಅದನ್ನಲ್ಲ. ಹುಬ್ಬಳ್ಳಿಗೆ ಹೋದ್ರ ಊರೆಲ್ಲ ಗೊತ್ತಾಗತೈತಿ. ತಲಿ ಬೋಳಾಗತೈತಿ, ಅದನ್ನೆಲ್ಲಿ ಮುಚ್ಚಿಡ್ಲಿ? ಗುತ್ತಲಕ್ಕ ಹೋದ್ರ ಯಾರೂ ಏನೂ ಕೇಳೂದಿಲ್ಲ. ಎಲ್ಲಾರೂ ಹೋಗ್ತಾರ."

"ಲಗೂ ತೋರಿಸಿದ್ರ ಉಳೀತಿದ್ರಿ, ವೈನಿ."

"ಉಳೀತಿದ್ದೆ. ಸವಿತಾ ಮನ್ಯಾಗ ಉಳೀತಿದ್ಲು."

ಹಾಗಲ್ಲ ಅನ್ನಹೋದರೆ ಹಿರೇಕೆರೂರಿನವರು ಮುರಿದುಕೊಂಡ ಸಂಬಂಧ ನೆನಪಾಯಿತು. ವೈನಿಯ ಊದಿದ ಕೈಯನ್ನು ತಲೆದಿಂಬಿನ ಮೇಲೆ ಎತ್ತಿಟ್ಟು, ಬೆರಳಿನಿಂದ ಮೇಲಕ್ಕೆ ನಿಧಾನ ನೀವುತ್ತ ಕೂತೆ. ಹುಬ್ಬಳ್ಳಿಯ ನರ್ಸು ಹಾಗೆ ನೀವಲು ಕಲಿಸಿದ್ದರು.

ಸವಿತಾ ಹಾವೇರಿಯಿಂದ ಬಂದು ಬಂದು ಹೋಗುತ್ತಿದ್ದಳು. ಅವಳಿಗೆ ವಿಷಯ ತಿಳಿದಾಗ ತಾಯಿಯ ಜೊತೆ ಜಗಳವಾಡಿದಳು, ಸಾಯುತ್ತಿರುವವಳ ಜೊತೆ ಯಾರೂ ಆಡದಂಥ ಜಗಳ. "ನಿನ್ನ ಯಾರು ಕೇಳಿದ್ರು? ನಾ ಕೇಳಿದ್ನೇನು ನನಗ ಲಗ್ನ ಬೇಕಂತ?" ಎಂದು ಚೀರಿದಳು. ಚೀರಿ, ಹಾಸಿಗೆಯ ಪಕ್ಕ ಕುಸಿದು ಕೂತಳು. ವೈನಿ ಬಲಗೈಯಿಂದ ಅವಳ ತಲೆ ನೇವರಿಸಿದರು.

ಬೀಗತಿ ಶಾಂತಕ್ಕನೂ ನೋಡಲು ಬಂದರು. "ನೀವು ಹೇಳಿದ್ರ ನಾವು ಬ್ಯಾಡ ಅಂತಿದ್ವೇನ್ರಿ? ಲಗ್ನ ಮುಂದ ಹಾಕತಿದ್ವಿ, ಅಷ್ಟ" ಅಂದರು.

ವೈನಿ ಅವರನ್ನು ದಿಟ್ಟಿಸಿ ನೋಡಿದರು. "ಈಗ ಅನ್ನೂದು ಸರಳ ಐತ್ರಿ ಅಕ್ಕಾರ" ಅಂದರು. ಸಿಟ್ಟಿಲ್ಲದೆ ಅಂದರು. ಶಾಂತಕ್ಕ ತಲೆ ತಗ್ಗಿಸಿದರು.

ಮಳೆಗಾಲ ಹಿಡಿಯುವ ಮೊದಲು ವೈನಿ ಹೋದರು. ಮಾತಾಡಿಸಲು ಬಂದ ಜನ ಪಡಸಾಲೆಯಲ್ಲಿ ಕೂತು, ಗಾಂವಟಿ ಔಷಧ ನಂಬಿ ಕೆಟ್ಟಳು ಎಂದು ಒಬ್ಬರು, ಹುಬ್ಬಳ್ಳಿಯಲ್ಲಿ ಸೂಜಿ ಚುಚ್ಚಿಸಿದ್ದಕ್ಕೇ ಅದು ಹಬ್ಬಿತು ಎಂದು ಇನ್ನೊಬ್ಬರು ಶುರುಮಾಡಿದರು. ಮಾತು ಏರುತ್ತ ಹೋಯಿತು. ಅಣ್ಣ ಮತ್ತು ನಮ್ಮ ಮನೆಯವರು ಒಂದೇ ಕಂಬಳಿಯ ಮೇಲೆ ಕೂತಿದ್ದರು. ಇಬ್ಬರೂ ಒಂದು ಮಾತೂ ಆಡಲಿಲ್ಲ.

ಎಲ್ಲ ಕಾರ್ಯ ಮುಗಿದ ಮೇಲೆ ನಾನು ಸವಿತಾಳನ್ನು ಹಾವೇರಿಗೆ ಬಿಡಲು ಹೋದೆ. ಚಹಾ ಕುಡಿಯುತ್ತ ಕೂತಿದ್ದೆವು, ನೆರೆಮನೆಯ ಹೆಂಗಸರೂ ಇದ್ದರು. ಸವಿತಾ ಎಲ್ಲರ ಎದುರಿಗೆ, ಸಂತೆಗೆ ಹೋಗುತ್ತೇನೆ ಎನ್ನುವ ಹಾಗೆ, "ಅತ್ತೀ, ನಾ ಹುಬ್ಬಳ್ಳಿಗೆ ಹೋಗಿ ಎದಿ ತೋರಿಸ್ಕೊಂಡು ಬರ್ತೇನಿ. ನಮ್ಮಜ್ಜಿಗೂ ಇತ್ತು, ನಮ್ಮವ್ವಗೂ ಇತ್ತು. ಸುಮಾ ಅತ್ತಿ ಜೋಡಿ ಬರ್ತಾಳ" ಅಂದಳು. ನೆರೆಮನೆಯವರ ಕೈಯಲ್ಲಿದ್ದ ಕಪ್ಪುಗಳು ಅಲ್ಲೇ ನಿಂತವು. ನಾನು ಶಾಂತಕ್ಕನ ಮುಖ ನೋಡಲು ಹೆದರಿ ನೆಲ ನೋಡಿದೆ.

"ನಾನೂ ಬರ್ತೇನಿ, ತಡಿ" ಅಂದರು ಶಾಂತಕ್ಕ.

ಅದೇ ದವಾಖಾನೆ, ಅದೇ ಲೇಡಿ ಡಾಕ್ಟರು. ಸವಿತಾಳನ್ನು ನೋಡಿ, ಏನೂ ಇಲ್ಲ, ಆಗಾಗ ಬಂದು ತೋರಿಸುತ್ತಿರು ಅಂದರು. ನಾನು ಎದ್ದು ನಿಂತೆ. ಶಾಂತಕ್ಕ ಏಳಲಿಲ್ಲ. ತಮ್ಮ ಕೈಚೀಲವನ್ನು ಸೊಸೆಯ ತೊಡೆಯ ಮೇಲಿಟ್ಟು, "ಡಾಕ್ಟರಮ್ಮಾರ, ನಂದೂ ಒಂದೀಟು ನೋಡ್ರಿ" ಅಂದರು.

ನರ್ಸು ಅವರನ್ನು ಒಳಗೆ ಕರೆದುಕೊಂಡು ಪರದೆ ಎಳೆದರು. ನಾವಿಬ್ಬರೂ ಈಚೆ ಕೂತಿದ್ದೆವು. ಆಮೇಲೆ ಡಾಕ್ಟರ ದನಿ ಕೇಳಿಸಿತು. "ಈ ಗಂಟು ಯಾವಾಗಿಂದ ಐತ್ರಿ?"

"ಮಗನ ಲಗ್ನಕ್ಕಿಂತ ಮೊದಲಿಂದ ಐತ್ರಿ" ಅಂದರು ಶಾಂತಕ್ಕ. "ಗೊತ್ತಾದ್ರ ಯಾರು ಹೆಣ್ಣು ಕೊಡ್ತಾರಂತ ಸುಮ್ಮಿದ್ದೆ."

ಸವಿತಾ ಕೈಚೀಲವನ್ನು ನನ್ನ ಕೈಗೆ ಕೊಟ್ಟು, ಪರದೆ ಸರಿಸಿ ಒಳಗೆ ಹೋದಳು.